ಲಿನಕ್ಸ್‌ನಲ್ಲಿ ಹಾಡು ರೆಕಾರ್ಡ್ ಮಾಡಲು ಯಾವ ಸಾಫ್ಟ್‌ವೇರ್? ತಬಲಾ ಯಾಕೆ ಹಿಂದೆ ಬೀಳುತ್ತದೆ?

ಪ್ರಶ್ನೆ: ನನ್ನ ಹತ್ರ ಲಿನಕ್ಸ್ ಮಿಂಟ್ ಹಾಕಿರುವ ಹಳೆಯ ಲ್ಯಾಪ್‌ಟಾಪ್ ಇದೆ, 8 ಜಿಬಿ ರ‍್ಯಾಮ್. ತಂಗಿ ಭಾವಗೀತೆ ಹಾಡುತ್ತಾಳೆ, ನಾನು ಹಾರ್ಮೋನಿಯಂ ನುಡಿಸುತ್ತೇನೆ. ತಬಲಾ ನುಡಿಸುವ ಗೆಳೆಯ ಹುಬ್ಬಳ್ಳಿಯಲ್ಲಿದ್ದಾನೆ. ನಮ್ಮ ಹಾಡು ಕಳಿಸಿದರೆ ತನ್ನ ಲ್ಯಾಪ್‌ಟಾಪಿನಲ್ಲಿ ಕೇಳುತ್ತಾ ತಬಲಾ ನುಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಾನೆ. ಅಡಾಸಿಟಿ ಎಂಬ ಧ್ವನಿ ಎಡಿಟ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಜೋಡಿಸಿದರೆ ಪಲ್ಲವಿಯಲ್ಲಿ ಸರಿ ಇರುತ್ತದೆ, ಕೊನೆಯ ಚರಣಕ್ಕೆ ಬರುವಷ್ಟರಲ್ಲಿ ತಬಲಾ ಹಿಂದೆ ಬಿದ್ದಿರುತ್ತದೆ. ಇನ್ನೊಂದು ತೊಂದರೆ: ನಾವಿಬ್ಬರೂ ಎರಡು ಯುಎಸ್‌ಬಿ ಮೈಕ್ ಇಟ್ಟುಕೊಂಡು ಒಟ್ಟಿಗೆ ರೆಕಾರ್ಡ್ ಮಾಡಲು ಹೋದರೆ ಅಡಾಸಿಟಿ ಒಂದೇ ಮೈಕ್ ತಗೊಳ್ಳುತ್ತದೆ. ಮಲ್ಟಿಟ್ರ್ಯಾಕ್ ರೆಕಾರ್ಡಿಂಗ್ (ಒಂದೊಂದು ಧ್ವನಿಯನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ), ಎಡಿಟಿಂಗ್ ಎರಡಕ್ಕೂ ಲಿನಕ್ಸ್‌ನಲ್ಲಿ ಒಳ್ಳೆಯ ಸಾಫ್ಟ್‌ವೇರ್ ಯಾವುದು? ದುಡ್ಡು ಕೊಡಬೇಕಾ?

ಉತ್ತರ: ಕೇಳಿದ್ದಕ್ಕೆ ನೇರವಾಗಿ ಹೇಳುವುದಾದರೆ, ಆರ್ಡೋರ್ ಹಾಕಿಕೊಳ್ಳಿ. ಹೆಸರು ಹುಡುಕುವಾಗ ಎ, ಆರ್, ಡಿ, ಓ, ಯು, ಆರ್ ಎಂದು ಟೈಪ್ ಮಾಡಿ. ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಸಿಗುತ್ತದೆ. ಆದರೆ ಅದನ್ನು ಹಾಕಿಕೊಂಡ ಮಾತ್ರಕ್ಕೆ ನಿಮ್ಮ ತಬಲಾ ಸರಿ ಹೋಗುವುದಿಲ್ಲ. ಆ ತೊಂದರೆ ಸಾಫ್ಟ್‌ವೇರ್‌ನದ್ದಲ್ಲ. ಹಾಗಾಗಿ ಮೊದಲು ತಬಲಾ ವಿಷಯ ನೋಡೋಣ, ಆಮೇಲೆ ಆರ್ಡೋರ್.

ನಿಮ್ಮ ಪತ್ರದಲ್ಲಿ ಒಂದು ಮುಖ್ಯವಾದ ಮಾತಿದೆ: ಪಲ್ಲವಿಯಲ್ಲಿ ಸರಿ, ಕೊನೆಯ ಚರಣದಲ್ಲಿ ಹಿಂದೆ. ತಬಲಾ ಮೊದಲಿಂದ ಕೊನೆಯವರೆಗೂ ಒಂದೇ ಅಳತೆಯಲ್ಲಿ ತಡವಾಗಿದ್ದರೆ ಅದು ಬೇರೆ ಕಾಯಿಲೆ. ಕಂಪ್ಯೂಟರಿಗೆ ಧ್ವನಿ ಒಳಗೆ ಹೋಗಿ ಹೊರಗೆ ಬರಲು ಬೇಕಾಗುವ ಸಮಯ ಅದು, ಲೇಟೆನ್ಸಿ ಅಂತಾರೆ. ಟ್ರ್ಯಾಕನ್ನು ಸ್ವಲ್ಪ ಎಡಕ್ಕೆ ಎಳೆದರೆ ಮುಗಿಯಿತು. ನಿಮ್ಮಲ್ಲಿ ಹಾಗಲ್ಲ, ಅಂತರ ಬೆಳೆಯುತ್ತಾ ಹೋಗುತ್ತಿದೆ. ಅದಕ್ಕೆ ಕಾರಣ ಎರಡು ಗಡಿಯಾರ.

ಧ್ವನಿ ರೆಕಾರ್ಡ್ ಮಾಡುವ ಪ್ರತಿ ಸಾಧನದಲ್ಲೂ ಒಂದು ಸಣ್ಣ ಸ್ಫಟಿಕ ಇರುತ್ತದೆ. ಸೆಕೆಂಡಿಗೆ 48,000 ಸಲ ಧ್ವನಿಯ ಅಳತೆ ತಗೋ ಎಂದು ತಾಳ ಹಾಕುವುದು ಅದೇ. ಆದರೆ ಯಾವ ಎರಡು ಸ್ಫಟಿಕಗಳೂ ತಂತಿ ಹಿಡಿದ ಹಾಗೆ ಒಂದೇ ವೇಗದಲ್ಲಿ ಓಡುವುದಿಲ್ಲ. ಹತ್ತು ಲಕ್ಷಕ್ಕೆ ಐವತ್ತೋ ನೂರೋ ವ್ಯತ್ಯಾಸ ಮಾಮೂಲು. ಗೋಡೆ ಗಡಿಯಾರದಲ್ಲಿ ನೂರರಷ್ಟು ವ್ಯತ್ಯಾಸ ಇದ್ದರೆ ದಿನಕ್ಕೆ ಎಂಟೂವರೆ ಸೆಕೆಂಡ್ ತಪ್ಪುತ್ತದೆ, ಯಾರೂ ಗಮನಿಸುವುದಿಲ್ಲ. ತಬಲಾದಲ್ಲಿ ಗೊತ್ತಾಗುತ್ತದೆ.

ಗೆಳೆಯನ ಮನೆಯಲ್ಲಿ ಆಗುತ್ತಿರುವುದು ಇಷ್ಟೇ. ಹಾಡು ಕೇಳುತ್ತಿರುವುದು ಲ್ಯಾಪ್‌ಟಾಪಿನ ಗಡಿಯಾರದಲ್ಲಿ, ತಬಲಾ ದಾಖಲಾಗುತ್ತಿರುವುದು ಫೋನಿನ ಗಡಿಯಾರದಲ್ಲಿ. ಫೋನಿನದು ಒಂಚೂರು ಜೋರಾಗಿ ಓಡಿದರೆ, ಲ್ಯಾಪ್‌ಟಾಪ್ 48,000 ಎಣಿಸುವಷ್ಟರಲ್ಲಿ ಅದು ಸುಮಾರು 48,005 ಅಳತೆ ತಗೊಂಡಿರುತ್ತದೆ. ನಿಮ್ಮ ಮನೆಯಲ್ಲಿ ಎರಡನ್ನೂ 48,000ದ ಲೆಕ್ಕದಲ್ಲಿ ನುಡಿಸಿದಾಗ ತಬಲಾ ಹಿಗ್ಗುತ್ತದೆ. ಏಳು ನಿಮಿಷದ ಹಾಡಿನ ಕೊನೆಗೆ 42 ಮಿಲಿಸೆಕೆಂಡ್ ತಡ. ಸಮದಲ್ಲಿ ಧಾ ಬೀಳಬೇಕಾದ ಕಡೆ ಇಷ್ಟು ತಡವಾದರೆ ಯಾರೋ ಕಾಲೆಳೆದ ಹಾಗೆ ಕೇಳುತ್ತದೆ. ನಿಮ್ಮ ಗೆಳೆಯ ಲಯದಲ್ಲಿ ತಪ್ಪಿರಲಿಕ್ಕಿಲ್ಲ. ಅವನ ಮೇಲೆ ಅನುಮಾನ ಬೇಡ.

ಇದನ್ನು ನಾನು ಕಲಿತದ್ದು ಕಷ್ಟಪಟ್ಟು. ಹಲವು ವರ್ಷಗಳ ಹಿಂದೆ ಒಂದು ಮನೆಯ ಸಂಗೀತ ಕಛೇರಿಯಲ್ಲಿ ಹಾಡಿಗೆ ಒಂದು ರೆಕಾರ್ಡರ್, ಮೃದಂಗಕ್ಕೆ ಇನ್ನೊಂದು ಇಟ್ಟಿದ್ದೆ. ಎರಡನ್ನೂ ಸೇರಿಸಿದರೆ ಮಲ್ಟಿಟ್ರ್ಯಾಕ್ ಆಯ್ತಲ್ಲ ಅಂದುಕೊಂಡಿದ್ದೆ. ಮನೆಗೆ ಬಂದು ಜೋಡಿಸಿದೆ. ವರ್ಣ ಚೆನ್ನಾಗಿ ಕೂತಿತು. ಒಂದು ಗಂಟೆ ಕಳೆದು ತನಿ ಆವರ್ತನ ಬರುವ ಹೊತ್ತಿಗೆ ಮೃದಂಗ ಸೆಕೆಂಡಿನ ಮೂರನೇ ಒಂದು ಭಾಗ ಆಚೆ ಹೋಗಿತ್ತು. ಅಷ್ಟು ಒಳ್ಳೆಯ ತನಿಯನ್ನು ಆ ಸ್ಥಿತಿಯಲ್ಲಿ ಕೇಳಿದ್ದು ಇವತ್ತಿಗೂ ಬೇಜಾರು ತರಿಸುತ್ತದೆ. ಕಾರಣ ಗೊತ್ತಾಗಲು ನನಗೆ ತಿಂಗಳುಗಳೇ ಬೇಕಾದವು.

ಪರಿಹಾರ ಸುಲಭ. ಅಡಾಸಿಟಿಯಲ್ಲೇ ಇವತ್ತೇ ಮಾಡಬಹುದು. ನೀವು ಕಳಿಸುವ ಹಾಡಿನ ಮೊದಲು ಒಂದು ಚಪ್ಪಾಳೆ, ಮುಗಿದ ಮೇಲೆ ಒಂದು ಚಪ್ಪಾಳೆ ಸೇರಿಸಿ. ಗೆಳೆಯನಿಗೆ ಹೇಳಿ: ಫೋನಿನಲ್ಲಿ ರೆಕಾರ್ಡಿಂಗ್ ಶುರು ಮಾಡಿ, ಮೊದಲ ಚಪ್ಪಾಳೆ ಬರುವಾಗ ಇಯರ್‌ಫೋನನ್ನು ಫೋನಿನ ಮೈಕಿಗೆ ಒತ್ತಿ ಹಿಡಿಯಬೇಕು. ಆಮೇಲೆ ಕಿವಿಗೆ ಹಾಕಿಕೊಂಡು ತಬಲಾ ನುಡಿಸಲಿ. ಹಾಡು ಮುಗಿದಾಗ ಮತ್ತೆ ಇಯರ್‌ಫೋನ್ ಮೈಕಿನ ಹತ್ತಿರ, ಎರಡನೇ ಚಪ್ಪಾಳೆಗೆ. ಮಧ್ಯೆ ಎಲ್ಲೂ ರೆಕಾರ್ಡಿಂಗ್ ನಿಲ್ಲಿಸಬಾರದು. ಚಪ್ಪಾಳೆಯ ಹಿಂದೆ ಮುಂದೆ ಹತ್ತು ಸೆಕೆಂಡ್ ಖಾಲಿ ಬಿಟ್ಟರೆ ಗಡಿಬಿಡಿ ಆಗುವುದಿಲ್ಲ. ಅವನೇ ಚಪ್ಪಾಳೆ ತಟ್ಟಿದರೆ ಸಾಲದು, ಯಾಕೆಂದರೆ ಕೈಯ ಲೆಕ್ಕವೇ ಇಪ್ಪತ್ತು ಮಿಲಿಸೆಕೆಂಡ್ ಆಚೀಚೆ ಹೋಗುತ್ತದೆ. ಹಾಡಿನೊಳಗಿನ ಚಪ್ಪಾಳೆಯೇ ಫೋನಿಗೆ ಹೋಗಬೇಕು.

ಈಗ ನಿಮ್ಮ ಹತ್ರ ಅಳತೆಗೋಲು ಇದೆ. ನಿಮ್ಮ ಹಾಡಿನಲ್ಲಿ ಎರಡು ಚಪ್ಪಾಳೆಗಳ ನಡುವೆ 420.000 ಸೆಕೆಂಡ್, ತಬಲಾ ಫೈಲಿನಲ್ಲಿ 420.042 ಅಂತಿಟ್ಟುಕೊಳ್ಳಿ. ವ್ಯತ್ಯಾಸ ಶೇಕಡಾ 0.010. ಅಡಾಸಿಟಿಯಲ್ಲಿ ವೇಗ ಬದಲಿಸುವ ಎಫೆಕ್ಟ್ ಇದೆ, ಅದರಲ್ಲಿ 0.010 ಶೇಕಡಾ ಜಾಸ್ತಿ ಎಂದು ಕೊಡಿ. ಶ್ರುತಿಯೂ ಅಷ್ಟೇ ಏರುತ್ತದೆ, ಆದರೆ ಅದು ಎಷ್ಟು ಕಡಿಮೆ ಎಂದರೆ ಯಾವ ಕಿವಿಗೂ ಸಿಗುವುದಿಲ್ಲ. ಆಮೇಲೆ ಮೊದಲ ಚಪ್ಪಾಳೆಗಳನ್ನು ಒಂದರ ಕೆಳಗೆ ಒಂದು ಕೂರಿಸಿದರೆ ಎರಡನೆಯವು ತಾವೇ ಕೂರುತ್ತವೆ. ಹಾಗೆ ಕೂತಾಗ ಪರದೆ ಮೇಲೆ ನೋಡುವುದೇ ಒಂದು ಖುಷಿ.

ಫೋನಿನ ಬಗ್ಗೆ ಇನ್ನೆರಡು ಮಾತು. ಫೈಲನ್ನು ವಾಯ್ಸ್ ಮೆಸೇಜ್ ಆಗಿ ಕಳಿಸಬಾರದು, ಡಾಕ್ಯುಮೆಂಟ್ ಆಗಿ ಕಳಿಸಬೇಕು. ಇಲ್ಲದಿದ್ದರೆ ಆ್ಯಪ್ ಅದನ್ನು ಹಿಂಡಿಬಿಡುತ್ತದೆ. ಹಾಗೇ ರೆಕಾರ್ಡರ್ ಆ್ಯಪಿನಲ್ಲಿ ಗದ್ದಲ ಕಡಿಮೆ ಮಾಡುವ ಆಯ್ಕೆ ಇದ್ದರೆ ಆಫ್ ಮಾಡಿಸಿ. ಅದು ಮಾತಿಗೆಂದು ಮಾಡಿದ್ದು. ಎಡಗೈಯ ಡಗ್ಗಾದ ಗುಂಗನ್ನು ಅದು ಗದ್ದಲ ಅಂದುಕೊಂಡು ತಿಂದುಹಾಕುತ್ತದೆ.

ಇನ್ನು ಎರಡು ಯುಎಸ್‌ಬಿ ಮೈಕ್. ಇಲ್ಲೂ ಅದೇ ಕಥೆ. ಒಂದೊಂದು ಯುಎಸ್‌ಬಿ ಮೈಕಿನೊಳಗೂ ಒಂದೊಂದು ಗಡಿಯಾರ. ಅಡಾಸಿಟಿ ಒಮ್ಮೆಗೆ ಒಂದೇ ಸಾಧನದಿಂದ ರೆಕಾರ್ಡ್ ಮಾಡುತ್ತದೆ. ಹೊಸ ಲಿನಕ್ಸ್‌ಗಳಲ್ಲಿ ಬರುವ ಪೈಪ್‌ವೈರ್ ಎಂಬ ಧ್ವನಿ ವ್ಯವಸ್ಥೆ ಎರಡು ಸಾಧನಗಳ ವೇಗವನ್ನು ತಾನೇ ಸರಿದೂಗಿಸುತ್ತಾ ಹೋಗುತ್ತದೆ. ಮಿಂಟ್ 22ರಿಂದ ಅದು ಜತೆಗೇ ಬರುತ್ತದೆ, 21ರಲ್ಲಿ ಹಳೆಯ ಪಲ್ಸ್‌ಆಡಿಯೋ ಇದೆ. ಆ ದಾರಿಯಲ್ಲಿ ಎರಡು ಮೈಕ್ ಒಟ್ಟಿಗೆ ಓಡಿಸಲು ಆಗುತ್ತದೆ. ಆದರೂ ನನ್ನ ಸಲಹೆ ಬೇರೆ: ಎರಡು ಮೈಕ್ ಹಾಕುವ ಜಾಗ ಇರುವ ಒಂದು ಆಡಿಯೋ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಪೆಟ್ಟಿಗೆ) ಮತ್ತು ಮೂರು ಪಿನ್ನಿನ ಸಾಧಾರಣ ಎಕ್ಸ್‌ಎಲ್‌ಆರ್ ಮೈಕ್‌ಗಳನ್ನು ತಗೊಳ್ಳಿ. ಎರಡೂ ಮೈಕ್ ಒಂದೇ ಗಡಿಯಾರದಡಿ ಬರುತ್ತವೆ. ಹೆಡ್‌ಫೋನನ್ನೂ ಅದಕ್ಕೇ ಸಿಕ್ಕಿಸುವುದರಿಂದ ಕೇಳುವುದು, ದಾಖಲಿಸುವುದು ಎರಡಕ್ಕೂ ಒಂದೇ ತಾಳ. ಸಾಫ್ಟ್‌ವೇರ್‌ಗೆ ಖರ್ಚು ಮಾಡಬೇಕು ಅಂದುಕೊಂಡಿದ್ದ ದುಡ್ಡನ್ನು ಇಲ್ಲಿ ಹಾಕಿ.

ಲಿನಕ್ಸ್‌ಗೆ ಯಾವ ಇಂಟರ್‌ಫೇಸ್ ಆಗುತ್ತದೆ ಎಂದು ಗುರುತಿಸಲು ಒಂದು ಒಳ್ಳೆಯ ಉಪಾಯ ಇದೆ. ಐಪ್ಯಾಡಿಗೆ ಡ್ರೈವರ್ ಇಲ್ಲದೆ ಓಡುತ್ತದೆ ಎಂದು ಡಬ್ಬದ ಮೇಲೆ ಬರೆದಿದ್ದರೆ ಲಿನಕ್ಸ್‌ನಲ್ಲೂ ಓಡುತ್ತದೆ ಎಂದು ಬಹುಮಟ್ಟಿಗೆ ನಂಬಬಹುದು. ಎರಡೂ ಕಡೆ ಯುಎಸ್‌ಬಿ ಆಡಿಯೋದ ಒಂದೇ ಸಾಮಾನ್ಯ ನಿಯಮ. ಫೋಕಸ್‌ರೈಟ್‌ನ ಸ್ಕಾರ್ಲೆಟ್ 2ಐ2, ಬೆರಿಂಗರ್‌ನ ಯುಎಂಸಿ 202ಎಚ್‌ಡಿ ಎರಡೂ ಹಾಗೇ ಓಡುತ್ತವೆ. ಕಂಡೆನ್ಸರ್ ಮೈಕ್ ತಗೊಳ್ಳುವುದಾದರೆ, ಆ ಬಗೆಯ ಮೈಕಿಗೆ ವಿದ್ಯುತ್ ಕೊಡುವ 48 ವೋಲ್ಟ್ ಗುಂಡಿ ಇಂಟರ್‌ಫೇಸಿನಲ್ಲಿ ಇದೆಯಾ ನೋಡಿ. ಹಾಡುವವರು ತಮ್ಮ ಧ್ವನಿಯನ್ನು ಕಂಪ್ಯೂಟರ್ ಮುಟ್ಟದೆ ನೇರವಾಗಿ ಹೆಡ್‌ಫೋನಿನಲ್ಲಿ ಕೇಳುವ ವ್ಯವಸ್ಥೆ, ಅಂದರೆ ಡೈರೆಕ್ಟ್ ಮಾನಿಟರ್, ಇರಲೇಬೇಕು. ಯಾಕೆ ಎಂದು ಮುಂದೆ ಹೇಳುತ್ತೇನೆ.

ಈಗ ಆರ್ಡೋರ್.

ಪಾಲ್ ಡೇವಿಸ್ ಎಂಬ ಪ್ರೋಗ್ರಾಮರ್ ಶುರು ಮಾಡಿದ ಕೆಲಸ ಇದು, ಎರಡು ದಶಕಕ್ಕಿಂತ ಹಳೆಯದು. ಲಿನಕ್ಸ್‌ನಲ್ಲಿ ವೃತ್ತಿಪರ ಧ್ವನಿ ಕೆಲಸಕ್ಕೆ ಅಡಿಪಾಯವಾದ, ಪ್ರೋಗ್ರಾಂಗಳ ನಡುವೆ ಧ್ವನಿ ಸಾಗಿಸುವ ಜ್ಯಾಕ್ ಎಂಬ ತಂತ್ರಾಂಶ ಕೂಡ ಅವರದೇ. ಆರ್ಡೋರ್ ಮುಕ್ತ ತಂತ್ರಾಂಶ. ಎಷ್ಟು ಟ್ರ್ಯಾಕ್ ಬೇಕಾದರೂ ಹಾಕಬಹುದು. ನೀವು ಎಷ್ಟು ಕತ್ತರಿಸಿದರೂ ಮೂಲ ಧ್ವನಿ ಫೈಲ್ ಹಾಗೇ ಇರುತ್ತದೆ, ಪರದೆ ಮೇಲೆ ಕಾಣುವುದು ಬರೀ ಕಿಟಕಿ. ಅಡಾಸಿಟಿಯೂ 2022ರ 3.2 ಆವೃತ್ತಿಯಿಂದ ಎಫೆಕ್ಟ್‌ಗಳನ್ನು ಹಾಡು ಓಡುತ್ತಿರುವಾಗಲೇ ಹಾಕಿ ತೆಗೆಯಲು ಬಿಡುತ್ತದೆ. ಒಂದು ಭಾಷಣ, ಒಂದು ಸಂದರ್ಶನ ಒಪ್ಪ ಮಾಡಲು ನಾನು ಈಗಲೂ ಅದನ್ನೇ ತೆಗೆಯುವುದು. ಆದರೆ ಹತ್ತು ಟೇಕ್ (ಮತ್ತೆ ಮತ್ತೆ ಹಾಡಿದ್ದು), ನಾಲ್ಕು ವಾದ್ಯ, ಒಂದೊಂದಕ್ಕೂ ಬೇರೆ ಬೇರೆ ಏರಿಳಿತ ಅಂತ ಬಂದಾಗ ಆರ್ಡೋರ್‌ನ ಮಿಕ್ಸರ್‌ನಷ್ಟು ಅನುಕೂಲ ಅಲ್ಲಿಲ್ಲ.

ಮೊದಲ ಸಲ ತೆರೆದಾಗ ಎಲ್ಲರೂ ಎಡವುವ ಜಾಗ ಒಂದಿದೆ. ಆಡಿಯೋ ವ್ಯವಸ್ಥೆ ಯಾವುದು ಎಂದು ಕೇಳುತ್ತದೆ. ಪಲ್ಸ್‌ಆಡಿಯೋ ಆರಿಸಿದರೆ ಹಾಡು ಕೇಳಬಹುದು, ರೆಕಾರ್ಡ್ ಆಗುವುದಿಲ್ಲ. ಎಷ್ಟೋ ಜನ ಇಲ್ಲೇ ಸೋತು ಕೈಬಿಡುತ್ತಾರೆ. ಲಿನಕ್ಸ್‌ನ ಮೂಲ ಧ್ವನಿ ವ್ಯವಸ್ಥೆಯಾದ ಅಲ್ಸಾ ಆರಿಸಿ, ಸಾಧನದ ಜಾಗದಲ್ಲಿ ನಿಮ್ಮ ಇಂಟರ್‌ಫೇಸ್ ಹೆಸರು ಆರಿಸಿ. ಆಗ ಆರ್ಡೋರ್ ಆ ಸಾಧನವನ್ನು ಪೂರ್ತಿ ತನ್ನ ಕೈಗೆ ತಗೊಳ್ಳುತ್ತದೆ. ಬ್ರೌಸರಿನ ವಿಡಿಯೋ ಆ ಹೆಡ್‌ಫೋನಿನಲ್ಲಿ ಕೇಳಿಸದಿದ್ದರೆ ಗಾಬರಿ ಬೇಡ. ಸಾಧನ ಬಿಡುವಿಲ್ಲ ಎಂಬ ದೂರು ಬಂದರೆ ಬೇರೆ ಯಾವುದೋ ಪ್ರೋಗ್ರಾಂ ಅದನ್ನು ಹಿಡಿದುಕೊಂಡಿದೆ ಎಂದರ್ಥ, ಅದನ್ನು ಮುಚ್ಚಿ. ಪೈಪ್‌ವೈರ್ ಇರುವ ಕಂಪ್ಯೂಟರಿನಲ್ಲಿ ಅದರ ಜ್ಯಾಕ್ ಭಾಗವನ್ನೂ ಹಾಕಿಕೊಂಡು ಜ್ಯಾಕ್ ಆರಿಸಿದರೆ ಎಲ್ಲವೂ ಒಟ್ಟಿಗೆ ಓಡುತ್ತವೆ. ಅದು ಎರಡನೇ ಹೆಜ್ಜೆ, ಸದ್ಯಕ್ಕೆ ಅಲ್ಸಾ ಸಾಕು.

ಅದೇ ಪರದೆಯಲ್ಲಿ ಬಫರ್ ಗಾತ್ರ ಕೇಳುತ್ತದೆ, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಎಷ್ಟು ಅಳತೆಗಳನ್ನು ಒಟ್ಟುಗೂಡಿಸಿ ಕೈಗೆತ್ತಿಕೊಳ್ಳಬೇಕು ಎಂದು. ಅಂತರ್ಜಾಲದಲ್ಲಿ ಎಲ್ಲ ಕಡೆ ಅದನ್ನು ಆದಷ್ಟು ಚಿಕ್ಕದು ಮಾಡಿ, 64 ಮಾಡಿ, ವಿಶೇಷ ಕರ್ನಲ್ ಹಾಕಿ ಎಂದೆಲ್ಲ ಬರೆದಿರುತ್ತಾರೆ. ನಿಮಗೆ ಬೇಡ. ಸೆಕೆಂಡಿಗೆ 48,000 ಅಳತೆಯ ಲೆಕ್ಕದಲ್ಲಿ 1024 ಬಫರ್ ಅಂದರೆ 21 ಮಿಲಿಸೆಕೆಂಡ್, 128 ಅಂದರೆ 2.7. ಗಿಟಾರ್ ಧ್ವನಿಯನ್ನು ಕಂಪ್ಯೂಟರೊಳಗೆ ಬದಲಿಸಿ ಕೇಳುತ್ತಾ ನುಡಿಸುವವರಿಗೆ, ಕೀಬೋರ್ಡಿನಿಂದ ಕಂಪ್ಯೂಟರಿನ ವಾದ್ಯ ನುಡಿಸುವವರಿಗೆ ಚಿಕ್ಕ ಬಫರ್ ಬೇಕು. ನಿಮ್ಮ ತಂಗಿ ತನ್ನ ಧ್ವನಿಯನ್ನು ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್‌ನಿಂದ ಕೇಳುತ್ತಾಳೆ, ಅಲ್ಲಿ ತಡ ಅನ್ನುವುದೇ ಇಲ್ಲ. ಹಾಗಾಗಿ 1024 ಇಟ್ಟುಬಿಡಿ. ಹಳೆಯ ಲ್ಯಾಪ್‌ಟಾಪ್ ಹಾಯಾಗಿ ಉಸಿರಾಡುತ್ತದೆ, ಟಪ್ ಟಪ್ ಶಬ್ದ ಬರುವುದಿಲ್ಲ. ಆರ್ಡೋರ್‌ನೊಳಗಿನ ಮಾನಿಟರಿಂಗ್ ಆಫ್ ಮಾಡಲು ಮರೆಯಬೇಡಿ, ಇಲ್ಲದಿದ್ದರೆ ಅವಳಿಗೆ ಧ್ವನಿ ಎರಡೆರಡು ಸಲ ಕೇಳುತ್ತದೆ.

ದಾಖಲಿಸಿದ್ದು ಸರಿಯಾದ ಜಾಗದಲ್ಲಿ ಕೂರಲು ಅಲ್ಲೇ ಕ್ಯಾಲಿಬ್ರೇಟ್ ಎಂಬ ಗುಂಡಿ ಇದೆ. ಇಂಟರ್‌ಫೇಸಿನ ಔಟ್‌ಪುಟ್ಟಿನಿಂದ ಇನ್‌ಪುಟ್ಟಿಗೆ ಒಂದು ಕೇಬಲ್ ಹಾಕಿ ಒತ್ತಿದರೆ ಆರ್ಡೋರ್ ತಾನೇ ಸದ್ದು ಕಳಿಸಿ, ಅದು ವಾಪಸ್ ಬರಲು ತಗೊಂಡ ಸಮಯ ಅಳೆದುಕೊಳ್ಳುತ್ತದೆ. ಒಂದು ಸಲ ಮಾಡಿದರೆ ಆಯಿತು. ಬಫರ್ ಗಾತ್ರ ಬದಲಿಸಿದರೆ ಮತ್ತೆ ಮಾಡಿ.

ರೆಕಾರ್ಡ್ ಮಾಡುವಾಗ 48 ಕಿಲೋಹರ್ಟ್ಸ್, 24 ಬಿಟ್ ಇರಲಿ. ಒಂದು ಟ್ರ್ಯಾಕಿಗೆ ನಿಮಿಷಕ್ಕೆ 8.6 ಎಂಬಿ ಆಗುತ್ತದೆ, ನಾಲ್ಕು ಟ್ರ್ಯಾಕಿನ ಏಳು ನಿಮಿಷದ ಹಾಡಿಗೆ 240 ಎಂಬಿ ಸಾಕು. ಮೀಟರಿನಲ್ಲಿ ತಾರಸ್ಥಾಯಿಯ ಜೋರಾದ ಸ್ವರ ಮೈನಸ್ 12 ಡೆಸಿಬೆಲ್‌ನ ಆಸುಪಾಸು ಬಂದರೆ ಒಳ್ಳೆಯದು. ಕೆಂಪು ಮುಟ್ಟಿ ಒಡೆದ ಧ್ವನಿಯನ್ನು ಆಮೇಲೆ ಯಾವ ಸಾಫ್ಟ್‌ವೇರೂ ಸರಿ ಮಾಡಿಕೊಡುವುದಿಲ್ಲ.

ತಂಬೂರಿಯ ವಿಷಯದಲ್ಲಿ ನನ್ನದೊಂದು ಹಠ ಇದೆ. ಎಲೆಕ್ಟ್ರಾನಿಕ್ ತಂಬೂರಿಯನ್ನು ಕೋಣೆಯಲ್ಲಿ ಇಟ್ಟುಕೊಂಡು ಹಾಡಬೇಡಿ. ಅದನ್ನು ಬೇರೆ ಟ್ರ್ಯಾಕಿನಲ್ಲಿ ಮೊದಲೇ ರೆಕಾರ್ಡ್ ಮಾಡಿ ಇಬ್ಬರಿಗೂ ಹೆಡ್‌ಫೋನಿನಲ್ಲಿ ಕೊಡಿ. ಯಾಕೆಂದರೆ ಹಾಡಿನ ಮೈಕಿಗೆ ತಂಬೂರಿ ನುಗ್ಗಿದ್ದರೆ ನೀವು ಎಲ್ಲಿ ಕತ್ತರಿಸಿದರೂ ಆ ಝೇಂಕಾರ ಅಲ್ಲಿ ತುಂಡಾಗಿ ಕೇಳುತ್ತದೆ. ಬೇರೆ ಇದ್ದರೆ ಮೇಲೆ ಎಷ್ಟು ಕತ್ತರಿ ಹಾಕಿದರೂ ಕೆಳಗೆ ತಂಬೂರಿ ಎಡೆಬಿಡದೆ ಓಡುತ್ತದೆ. ಶ್ರುತಿಯನ್ನು ಹಾರ್ಮೋನಿಯಂಗೆ ಹೊಂದಿಸಿಕೊಳ್ಳಿ. ಕರಿ ನಾಲ್ಕು ಎಂದು ತಂಬೂರಿ ಆ್ಯಪ್ ಹೇಳುವುದಕ್ಕೂ ನಿಮ್ಮ ಪೆಟ್ಟಿಗೆಯ ಕರಿ ನಾಲ್ಕಕ್ಕೂ ಕೂದಲೆಳೆ ವ್ಯತ್ಯಾಸ ಇರಬಹುದು. ಪೆಟ್ಟಿಗೆಯ ಶ್ರುತಿ ಬದಲಿಸಲು ಆಗದು, ತಂಬೂರಿಯದು ಬದಲಿಸಬಹುದು.

ಎಡಿಟಿಂಗ್‌ಗೆ ಬರೋಣ. ಒಂದು ಚರಣವನ್ನು ಮೂರು ಸಲ ಹಾಡಿಸಿ. ಟ್ರ್ಯಾಕಿನ ಪ್ಲೇಲಿಸ್ಟ್ ಗುಂಡಿಯಿಂದ ಪ್ರತಿ ಸಲಕ್ಕೂ ಹೊಸ ಪ್ಲೇಲಿಸ್ಟ್ ಮಾಡಿದರೆ ಮೂರೂ ಬೇರೆ ಬೇರೆ ಉಳಿಯುತ್ತವೆ. ಆಮೇಲೆ ಒಳ್ಳೊಳ್ಳೆಯ ಸಾಲು ಆರಿಸಿ ಜೋಡಿಸಿ. ಎಸ್ ಕೀ ಒತ್ತಿದರೆ ಆ ಜಾಗದಲ್ಲಿ ಧ್ವನಿ ಎರಡಾಗುತ್ತದೆ, ತುದಿ ಎಳೆದರೆ ಉದ್ದ ಅಥವಾ ಗಿಡ್ಡ ಆಗುತ್ತದೆ.

ಎಲ್ಲಿ ಕತ್ತರಿಸಬೇಕು ಎನ್ನುವುದೇ ನಿಜವಾದ ವಿದ್ಯೆ. ಕನ್ನಡ ಹಾಡಿನಲ್ಲಿ ಕ, ಚ, ಟ, ತ, ಪ ಅಕ್ಷರಗಳ ಮುಂಚೆ ಬಾಯಿ ಮುಚ್ಚಿ ಒಂದು ಕ್ಷಣ ಪೂರ್ತಿ ಮೌನ ಇರುತ್ತದೆ. ಪರದೆಯನ್ನು ಹಿಗ್ಗಿಸಿ ನೋಡಿದರೆ ಅಲೆ ಚಪ್ಪಟೆಯಾದ ಆ ಸಣ್ಣ ಕಣಿವೆ ಕಣ್ಣಿಗೇ ಕಾಣುತ್ತದೆ. ಅಲ್ಲಿ ಕತ್ತರಿಸಿ. ಒತ್ತಕ್ಷರ ಇದ್ದರೆ ಇನ್ನೂ ಒಳ್ಳೆಯದು. ‘ಬೆಟ್ಟ’ ಎಂದು ಹಾಡುವಾಗ ಟ್ಟ ಮುಂಚಿನ ಮೌನ ‘ಬೇಟೆ’ಯ ಟೆ ಮುಂಚಿನದಕ್ಕಿಂತ ಉದ್ದ, ಎರಡು ಟೇಕ್‌ಗಳನ್ನು ಅದರೊಳಗೆ ಬೆಸೆದರೆ ಹಾಡಿದವರಿಗೂ ಗೊತ್ತಾಗುವುದಿಲ್ಲ. ನ, ಮ, ಲ, ರ ಅಕ್ಷರಗಳಲ್ಲಿ ಧ್ವನಿ ನಿಲ್ಲದೆ ಹರಿಯುತ್ತದೆ, ಅಲ್ಲಿ ಕೈ ಹಾಕಬೇಡಿ. ಮೀಂಡ್, ಗಮಕದ ಮಧ್ಯವಂತೂ ಮುಟ್ಟಲೇಬಾರದು. ಉಸಿರಿನ ಸದ್ದು ಕೇಳುತ್ತದೆ ಎಂದು ಎಲ್ಲ ಉಸಿರನ್ನೂ ಅಳಿಸಬೇಡಿ, ಹಾಡು ಗೊಂಬೆಯ ಬಾಯಿಂದ ಬಂದ ಹಾಗೆ ಆಗುತ್ತದೆ. ಜೋರಾಗಿರುವುದನ್ನು ತಗ್ಗಿಸಿ, ಸಾಕು.

ಎಫೆಕ್ಟ್‌ಗಳಿಗೆ ಆರ್ಡೋರ್ ಜತೆ ಬರುವ ಈಕ್ವಲೈಸರ್ (ಧ್ವನಿಯ ಮಂದ್ರ, ತಾರ ಭಾಗಗಳನ್ನು ಹೆಚ್ಚುಕಮ್ಮಿ ಮಾಡುವುದು), ಕಂಪ್ರೆಸರ್ (ಜೋರು, ಮೆಲುವಿನ ಅಂತರ ತಗ್ಗಿಸುವುದು) ಸಾಕು. ರಿವರ್ಬ್, ಅಂದರೆ ಸಭಾಂಗಣದಲ್ಲಿ ಹಾಡಿದಂಥ ಅನುರಣನ, ಬೇಕೆಂದರೆ ಡ್ರ್ಯಾಗನ್‌ಫ್ಲೈ ಹಾಕಿಕೊಳ್ಳಿ, ಉಚಿತ, ಬಹಳ ಚೆನ್ನಾಗಿದೆ.

ಬೇರೆ ಹೆಸರುಗಳೂ ನಿಮ್ಮ ಕಿವಿಗೆ ಬೀಳುತ್ತವೆ. ಎಲ್‌ಎಂಎಂಎಸ್ ಅನ್ನು ಸುಮ್ನೆ ಎಲ್ಲ ಪಟ್ಟಿಗಳಲ್ಲೂ ಸೇರಿಸುತ್ತಾರೆ, ಆದರೆ ಅದು ಕಂಪ್ಯೂಟರೊಳಗೆ ಬೀಟ್ ಕಟ್ಟಲು ಇರುವುದು. ಅದರ 1.2 ಆವೃತ್ತಿಯಲ್ಲಿ ಮೈಕಿನಿಂದ ರೆಕಾರ್ಡ್ ಮಾಡುವ ಸೌಲಭ್ಯವೇ ಇಲ್ಲ. ರೋಸ್‌ಗಾರ್ಡನ್ ಹೆಚ್ಚಾಗಿ ಮಿಡಿ (ಧ್ವನಿಯ ಬದಲು ಯಾವ ಸ್ವರ ನುಡಿಸಬೇಕೆಂಬ ಸೂಚನೆ) ಮತ್ತು ಸ್ವರಲಿಪಿಗೆ. ಕ್ಯೂಟ್ರ್ಯಾಕ್ಟರ್ ಹಗುರವಾಗಿದೆ, ಲ್ಯಾಪ್‌ಟಾಪ್ ತೀರಾ ಸುಸ್ತಾಗಿದ್ದರೆ ನೋಡಬಹುದು. ಆರ್ಡೋರ್ ಬಿಟ್ಟರೆ ನಾನು ಮನಸ್ಸಿನಿಂದ ಹೇಳುವ ಹೆಸರು ರೀಪರ್. ವಿನ್ಆ್ಯಂಪ್ ನೆನಪಿದೆಯಲ್ಲ, ಅದನ್ನು ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರದೇ ಇದು. ಲಿನಕ್ಸ್‌ಗೆ ನೇರ ಆವೃತ್ತಿ ಇದೆ, ಹಳೆಯ ಯಂತ್ರದಲ್ಲೂ ಸರಸರ ಓಡುತ್ತದೆ. ಮುಕ್ತ ತಂತ್ರಾಂಶ ಅಲ್ಲ. 60 ದಿನ ಪೂರ್ತಿ ಬಳಸಿ ನೋಡಬಹುದು, ಆಮೇಲೆ ನಿಮ್ಮಂಥವರಿಗೆ 60 ಡಾಲರ್. ಆರ್ಡೋರ್ ಕೈಗೆ ಒಗ್ಗದಿದ್ದರೆ ಯಾವ ಸಂಕೋಚವೂ ಇಲ್ಲದೆ ಅಲ್ಲಿಗೆ ಹೋಗಿ.

ಒಂದು ಎಚ್ಚರಿಕೆ. ಆರ್ಡೋರ್‌ನ ಒಂದು ಹಾಡು ಅಂದರೆ ಒಂದು ಫೈಲ್ ಅಲ್ಲ, ಒಂದು ಫೋಲ್ಡರ್. ರೆಕಾರ್ಡ್ ಆದ ಧ್ವನಿಯೆಲ್ಲ ಒಳಗೆ ಇಂಟರ್‌ಚೇಂಜ್ ಎಂಬ ಫೋಲ್ಡರಿನಲ್ಲಿ ಇರುತ್ತದೆ. ಪೆನ್‌ಡ್ರೈವಿಗೆ ಹಾಕುವಾಗ ಪೂರ್ತಿ ಫೋಲ್ಡರ್ ಹಾಕಿ. ಗೆಳೆಯ ಕಳಿಸಿದ ತಬಲಾ ಫೈಲನ್ನು ಒಳಗೆ ತರುವಾಗ, ಫೈಲನ್ನು ಸೆಶನ್ನಿಗೆ (ಅಂದರೆ ಆ ಹಾಡಿನ ಫೋಲ್ಡರಿಗೆ) ನಕಲು ಮಾಡು ಎಂಬ ಗುರುತು ಬಿದ್ದಿರಲಿ. ಇಲ್ಲವಾದರೆ ಡೌನ್‌ಲೋಡ್ ಫೋಲ್ಡರ್ ಖಾಲಿ ಮಾಡಿದ ದಿನ ಹಾಡಿನಲ್ಲಿ ತಬಲಾ ಇರುವುದಿಲ್ಲ.

ಕೊನೆಗೆ ದುಡ್ಡಿನ ಪ್ರಶ್ನೆ. ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಹಾಕಿಕೊಂಡರೆ ಒಂದು ಪೈಸೆಯೂ ಬೇಡ, ಯಾವ ಮಿತಿಯೂ ಇಲ್ಲ. ಆರ್ಡೋರ್‌ನವರ ಸ್ವಂತ ತಾಣದಿಂದ ಹೊಸ ಆವೃತ್ತಿಯನ್ನು ಸಿದ್ಧರೂಪದಲ್ಲಿ ಇಳಿಸಿಕೊಳ್ಳಬೇಕೆಂದರೆ ದುಡ್ಡು ಕೇಳುತ್ತಾರೆ, ತಿಂಗಳಿಗೆ 1 ಡಾಲರ್ ಚಂದಾದಿಂದ ಶುರು. ಅಲ್ಲೇ ಉಚಿತ ಮಾದರಿಯೂ ಸಿಗುತ್ತದೆ, ಆದರೆ ಅದು ಹತ್ತು ನಿಮಿಷಕ್ಕೆ ಧ್ವನಿ ನಿಲ್ಲಿಸುತ್ತದೆ. ಅದನ್ನು ಇಳಿಸಿಕೊಂಡು ಆರ್ಡೋರ್ ಕೆಟ್ಟಿದೆ ಅಂದುಕೊಂಡವರು ಬಹಳ ಜನ, ನೀವು ಹಾಗೆ ಮಾಡಬೇಡಿ. ನಾನು ಮೊದಲು ಉಚಿತವಾದದ್ದನ್ನೇ ಬಳಸುತ್ತಿದ್ದೆ, ಈಗ ಚಂದಾ ಕೊಡುತ್ತೇನೆ. ಆ ತಂಡದ ಊಟ ನಡೆಯುವುದು ಅದರಿಂದಲೇ.